ಇಂದ್ರಾಣಮ್ಮನ ಬ್ಲಾಗಿಗೆ ಬಂದ ಸುಳ್ಳು ನೆಂಟರು

ನಂಜನಗೂಡಿನ ಹತ್ತಿರದ ಹದಿನಾರು ಗ್ರಾಮದಲ್ಲಿ ಇಂದ್ರಾಣಮ್ಮ ಯಾರು ಅಂತ ಕೇಳಬೇಕಾಗಿಲ್ಲ. ಶಾಲೆಯ ಕಡೆಯಿಂದ ಬಿಸಿಯೂಟದ ಸಾರಿನ ಘಮ ರಸ್ತೆಗೆ ಬರುತ್ತದಲ್ಲ, ಅದು ಅವರ ಕೈಯದು. ಬೆಳಿಗ್ಗೆ ಮಕ್ಕಳ ಅಡುಗೆ, ಆಮೇಲೆ ಹಸುವಿನ ಕೆಲಸ, ಅದೂ ಮುಗಿದರೆ ಬ್ಲಾಗು. ಹೌದು, ಬ್ಲಾಗೇ. ಮಗಳು ಧನುಶ್ರೀ ನಂಜನಗೂಡಿನ ಕಾಲೇಜಿಗೆ ಸೇರಿದ ವರ್ಷ ಫೋನಿನಲ್ಲೇ ಮಾಡಿಕೊಟ್ಟದ್ದು. ಹೆಸರು ‘ಬೆರಕೆ ಸೊಪ್ಪು’.

ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಅಣ್ಣೆ, ಗೋಣಿ, ಕನ್ನೆ, ಗಣಿಕೆ ಸೊಪ್ಪುಗಳಲ್ಲಿ ಯಾವುದಕ್ಕೆ ಯಾವುದನ್ನು ಬೆರೆಸಿದರೆ ಸಾರು ಕಹಿಯಾಗದು ಎಂದು ಇಂದ್ರಾಣಮ್ಮ ಬರೆಯುತ್ತಿದ್ದರು. ಅದು ಅರ್ಧ. ಇನ್ನರ್ಧ ಕೆಳಗಿನ ಕಾಮೆಂಟುಗಳಲ್ಲಿರುತ್ತಿತ್ತು. ನರಸೀಪುರದ ಕಡೆಯವಳೊಬ್ಬಳು ‘ನಾವು ಇದಕ್ಕೆ ಹುರುಳಿ ಹಾಕುತ್ತೇವೆ’ ಎಂದು ಬರೆದರೆ, ಸುತ್ತೂರಿನವಳು ‘ಹುರುಳಿ ಹಾಕಿದರೆ ಸೊಪ್ಪಿನ ರುಚಿ ಎಲ್ಲಿ ಉಳಿಯಿತು’ ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ಬಹಳ ಮಂದಿಗೆ ಸ್ವಂತ ಫೋನಿಲ್ಲ, ಇಮೇಲ್ ಎಂಬುದು ಗೊತ್ತೇ ಇಲ್ಲ. ಸೊಸೆಯ ಫೋನೋ ಪಕ್ಕದ ಮನೆಯವಳ ಫೋನೋ ಇಸಕೊಂಡು ಬರೆದು, ಕೊನೆಯಲ್ಲಿ ತಮ್ಮ ಹೆಸರು, ಊರು ಹಾಕುತ್ತಿದ್ದರು. ಅಂಥವರಿಗಾಗಿಯೇ ಧನುಶ್ರೀ ಯಾರು ಬೇಕಾದರೂ ಬರೆಯುವಂತೆ ಬ್ಲಾಗಿನ ಬಾಗಿಲು ತೆರೆದಿಟ್ಟಿದ್ದಳು.

ಒಂದು ಸಂಜೆ ಅವಳೇ ಫೋನು ಹಿಡಿದು ಓಡಿ ಬಂದಳು. “ಅವ್ವಾ, ನೋಡಿಲ್ಲಿ! ಎಲ್ಲೆಲ್ಲಿಂದ್ಲೋ ಜನ ಬತ್ತಾವ್ರೆ!”

ಓದುಗರು ಯಾವ ಜಾಲತಾಣದಿಂದ ಬಂದರು ಎಂದು ತೋರಿಸುವ ಪುಟ ಅದು. ಕೇಳರಿಯದ ವಿಳಾಸಗಳು ಸಾಲಾಗಿ ಕೂತಿದ್ದವು.

ನಮ್ಮ ಕಡೆ ಒಂದು ಕಟ್ಟಲೆ ಉಂಟಲ್ಲ, ಮನೆಗೆ ಬಂದು ಹೋದವರ ಮನೆಗೆ ನಾವೂ ಹೋಗಿಬರಬೇಕು. ಹೋಗದಿದ್ದರೆ ಆ ಮಾತು ಮೂರು ಮದುವೆಗಳಲ್ಲಿ ಕೇಳಿಬರುತ್ತದೆ. ಇಂದ್ರಾಣಮ್ಮ ಒಂದೊಂದೇ ವಿಳಾಸ ಒತ್ತಿ ಹೊರಟರು. ಒಂದು ಕಡೆ ಬರೀ ಬೂಟುಗಳು. ಇನ್ನೊಂದು ಕಡೆ ಕೈಗಡಿಯಾರ. ಮತ್ತೊಂದರಲ್ಲಿ ಇಸ್ಪೀಟೆಲೆಗಳು ಗರಗರ ತಿರುಗುತ್ತಿದ್ದವು. ಬೂಟಿನವರಲ್ಲಿ ಬರೆಯುವುದಕ್ಕೊಂದು ಜಾಗ ಸಿಕ್ಕಿತು. ಬರೆದರು: ‘ಬಂದಿದ್ದೆ. ಮನೇಲಿ ಯಾರೂ ಕಾಣಲಿಲ್ಲ. ಇನ್ನೊಮ್ಮೆ ಬರುತ್ತೇನೆ. ಇಂದ್ರಾಣಿ, ಹದಿನಾರು.’

ಕನ್ನೆ ಸೊಪ್ಪಿನ ಬರಹದ ಕೆಳಗೆ ಯಾರೋ ಇಂಗ್ಲಿಷಿನಲ್ಲಿ ‘ಬಹಳ ಉಪಯುಕ್ತ’ ಎಂದು ಹೊಗಳಿದ್ದರು. ಅವರಿಗೂ ಉತ್ತರ ಹೋಯಿತು: ‘ಯಾವೂರಮ್ಮ ನಿಮ್ಮದು? ಈ ಕಡೆ ಬಂದಾಗ ಊಟಕ್ಕೆ ಬನ್ನಿ.’

ಬಂದರು ನೋಡಿ, ಹಿಂಡುಹಿಂಡಾಗಿ! ತೂಕ ಇಳಿಸುವ ಮಾತ್ರೆಯವರು, ಕೂತಲ್ಲೇ ಸಾಲ ಕೊಡುವವರು, ರಮ್ಮಿ ಆಡಿಸುವವರು. ಅವರ ಕಾಮೆಂಟುಗಳ ನಡುವೆ ಸೊಪ್ಪಿನ ಮಾತಾಡುವ ಹೆಂಗಸರ ದನಿಯೇ ಕೇಳದಂತಾಯಿತು.

ಡೈರಿಯಲ್ಲಿ ಹಾಲಿನ ಸಾಲಿನಲ್ಲಿ ನಿಂತಿದ್ದಾಗ ಮಹಾದೇವಸ್ವಾಮಿ ಎಲ್ಲರೆದುರು ಕೆಣಕಿದ. ಹೊಲಮನೆ ಇರುವ ಕುಳ, ನಾಲಿಗೆ ಸ್ವಲ್ಪ ಉದ್ದ.

“ಏನ್ ಇಂದ್ರಾಣಮ್ಮ, ಸೊಪ್ಪಿನ್ ಜತೆ ಇಸ್ಪೀಟ್ನೂ ಆಡಿಸ್ತೀಯಂತೆ? ನಮ್ಮುಡುಗ್ರು ನಿನ್ ಬ್ಲಾಗ್ನಿಂದ್ಲೇ ರಮ್ಮಿಗೆ ಓಗ್ತಾವ್ರಂತಲ್ಲ!”

“ನಾನ್ ಆಕಿದ್ದಲ್ಲ ಕಣಣ್ಣ ಅದು.”

“ಮನೆ ನಿಂದು, ಆಡೋರು ಇನ್ಯಾರೋನಾ? ಅದುಕ್ಕೇ ಏಳಾದು, ಸಾರ್ ಮಾಡ್ಕೊಂಡ್ ಸುಮ್ಕಿರು. ಮುಚ್ಚಾಕು ಅದ್ನ.”

ಸಾಲಿನಲ್ಲಿದ್ದವರು ನಕ್ಕರು. ಇಂದ್ರಾಣಮ್ಮ ಹಾಲು ಅಳೆದುಕೊಟ್ಟು ಮನೆಗೂ ಹೋಗದೆ ನಂಜನಗೂಡಿನ ಬಸ್ಸು ಹತ್ತಿದರು. ಅಲ್ಲಿ ಮೈದುನ ರವಿಕುಮಾರನ ಜೆರಾಕ್ಸ್ ಅಂಗಡಿಯಿದೆ. ಕಂಪ್ಯೂಟರ್ ಬಲ್ಲವನು. ಬ್ಲಾಗು ತೆರೆದು ನೋಡಿ ಹಣೆ ಚಚ್ಚಿಕೊಂಡ.

“ಅತ್ತಿಗೆ, ಇವ್ರು ಯಾರೂ ನಿಮ್ ಬ್ಲಾಗ್ ಓದಿಲ್ಲ. ಮನುಷ್ಯರೇ ಅಲ್ಲ ಇವು. ಬಂದೋರಂಗೆ ಒಂದು ಗುರುತು ಬುಟ್ಟು ಓಗಾ ಮಿಷಿನ್ನು. ಯಾರಪ್ಪ ಇವ್ರು ಅಂತ ನೀವು ಒತ್ತಿ ನೋಡ್ಲಿ ಅಂತ್ಲೇ ಈ ಆಟ.”

“ಅಂಗಾದ್ರೆ ನಾನ್ ಅಷ್ಟೊಂದ್ ಮನೆ ತಿರ್ಗಿದ್ದು?”

“ವ್ಯಾಪಾರ ಮಾಡಿಕೊಟ್ರಿ ಅವ್ರಿಗೆ.”

ಇಂದ್ರಾಣಮ್ಮನ ಮುಖ ಕೆಂಪಾಯಿತು. ರವಿ ಕಸ ಅಳಿಸುತ್ತಾ ಕೆಳಕೆಳಗೆ ಹೋದ. ರಮ್ಮಿ, ಸಾಲ, ರಮ್ಮಿ, ಮಾತ್ರೆ. ನಡುವೆ ಕನ್ನಡದ ಎರಡು ಸಾಲು ಕಂಡಿತು: ‘ಅಕ್ಕಾ, ಮಗಳು ಬಾಣಂತಿ. ಎಳೆ ಗಣಿಕೆ ಸೊಪ್ಪು ಕೊಡಬೌದಾ? ಬೇಗ ತಿಳಿಸಿ. ಸಾಕಮ್ಮ, ಬಿಳಿಗೆರೆ.’

“ಇದ್ಯಾವತ್ತಿಂದು?”

“ಓದ್ ತಿಂಗ್ಳುದು ಅತ್ತಿಗೆ.”

ಇಂದ್ರಾಣಮ್ಮ ಆ ಎರಡು ಸಾಲನ್ನು ಇನ್ನೊಮ್ಮೆ ಓದಿದರು. ಬೂಟಿನವರಿಗೆ ಉತ್ತರ ಹೋಗಿತ್ತು. ನಂಬಿ ಕೇಳಿದ ಹೆಂಗಸಿಗೆ ಹೋಗಿರಲಿಲ್ಲ.

ರವಿ ಸಮಾಧಾನದ ದನಿಯಲ್ಲಿ ಹೇಳಿದ. “ಕಾಮೆಂಟೇ ತಗ್ದಾಕ್ಬುಡಾಣ. ಇಲ್ಲಾಂದ್ರೆ ಅಕೌಂಟ್ ಇರೋರು ಮಾತ್ರ ಬರೀಲಿ.”

“ಸಾಕಮ್ಮುಂಗೆ ಅಕೌಂಟ್ ಅದ್ಯಾ? ನಮ್ ಜತೆ ಅಡ್ಗೆ ಮಾಡೊ ಚಿಕ್ಕಮಾದಮ್ಮುಂಗೆ ಅದ್ಯಾ? ಯಾವ್ದೋ ಮಿಷಿನ್ ಬಂದು ಒಲಸು ಮಾಡ್ತು ಅಂತ ನಮ್ಮೋರ್ ಮುಖುಕ್ಕೆ ಬಾಗ್ಲಾಕ್ಲಾ? ಆಕಾಕಿಲ್ಲ. ಬ್ಯಾರೆ ದಾರಿ ಏಳು.”

“ಬಂದದ್ದನ್ನೆಲ್ಲ ತಡ್ದಿಟ್ಟು, ನೀವು ಓದಿ ಸರಿ ಅಂದ್ಮೇಲೆ ಕಾಣಂಗೆ ಮಾಡ್ಬೋದು. ಆದ್ರೆ ದಿನಾ ಯಾರ್ ಕೂತ್ಕೊಂಡ್ ನೋಡ್ತಾರೆ? ನೂರಾರು ಬತ್ತಾವೆ.”

“ಬರ್ಲಿ. ನಾಳೀಕೆ ಅಂತ ಶಾಲೇಲಿ ದಿನಾ ಎಷ್ಟು ಸೊಪ್ಪು ಸೋಸ್ತೀವಿ ಗೊತ್ತಾ ನಿಂಗೆ? ಒಬ್ರೇ ಕೂತ್ ಸೋಸ್ತೀವಾ?”

ಮಾರನೆಯ ದಿನ ಪಾತ್ರೆ ತೊಳೆದಾದ ಮೇಲೆ ಶಾಲೆಯ ಜಗಲಿಯಲ್ಲಿ ಅಡುಗೆಯ ಹೆಂಗಸರು ಮೊರ ಹಾಕಿಕೊಂಡು ಕೂತರು. ನಡುವೆ ಸೊಪ್ಪಿನ ಗುಡ್ಡೆ, ಪಕ್ಕದಲ್ಲಿ ಫೋನು. ಇಂದ್ರಾಣಮ್ಮ ಓದುವುದು, ಮಿಕ್ಕವರು ತೀರ್ಪು ಕೊಡುವುದು.

“ಏಳೇ ದಿನುಕ್ಕೆ ಒಟ್ಟೆ ಕರಗಿಸ್ತೀವಿ ಅಂತಾವ್ನೆ.”

“ನಂ ಬೀಗಿತ್ತಿ ಅಡ್ರೆಸ್ ಕೊಡು ಅವ್ನಿಗೆ!” ಎಂದರು ಹಿರಿಯ ಅಡುಗೆಯವರಾದ ಚಿಕ್ಕಮಾದಮ್ಮ. “ಬಿಸಾಕು, ಬಿಸಾಕು. ಮುಂದಕ್ಕೆ ನಡಿ.”

ಸೊಪ್ಪು ಮುಗಿಯುವಷ್ಟರಲ್ಲಿ ಕಸವೂ ಮುಗಿದಿತ್ತು. ಆ ದಿನವೇ ಬ್ಲಾಗಿನ ಮೇಲ್ಗಡೆ ಹೊಸ ಬರಹ ಬಂತು: ‘ಬಿಳಿಗೆರೆ ಸಾಕಮ್ಮನವರೇ, ತಪ್ಪಾಯಿತು, ತಡವಾಯಿತು. ಬಾಣಂತಿಗೆ ಗಣಿಕೆಯನ್ನು ನಾವು ಹೇಗೆ ಬೇಯಿಸುತ್ತೇವೆಂದು ಹೇಳುತ್ತೇನೆ. ಆದರೂ ನಿಮ್ಮೂರ ನರ್ಸಮ್ಮನನ್ನು ಒಂದು ಮಾತು ಕೇಳಿಯೇ ಕೊಡಿ. ಇನ್ನು ಮೇಲೆ ಇಲ್ಲಿ ಕೇಳಿದ ಯಾವ ಹೆಂಗಸೂ ಉತ್ತರವಿಲ್ಲದೆ ಹೋಗುವುದಿಲ್ಲ. ರಮ್ಮಿಯವರೇ, ನೀವೂ ಕೇಳಿಸಿಕೊಳ್ಳಿ. ನಾನು ಬಾಗಿಲು ಮುಚ್ಚುವುದಿಲ್ಲ. ನೀವು ಬಂದಷ್ಟು ಸಲವೂ ಆಚೆಗೆ ಗುಡಿಸುತ್ತೇವೆ.’

ಬಂದವರ ಲೆಕ್ಕ ತೋರಿಸುವ ಪುಟವನ್ನು ಆಮೇಲೆ ಅವರು ತೆರೆಯಲೇ ಇಲ್ಲ. ಸಾಕಮ್ಮ ವಾರದೊಳಗೆ ಮತ್ತೆ ಬರೆದಳು: ‘ಮಗು ಚೆನ್ನಾಗಿ ಅದೆ ಅಕ್ಕಾ. ನೀವು ಉತ್ತರ ಕೊಟ್ಟಿರಲ್ಲ ಅಷ್ಟು ಸಾಕು. ಆದರೆ ಒಗ್ಗರಣೆಗೆ ನೀವು ಹೇಳಿದ್ದು ಸರಿಯಿಲ್ಲ.’ ಜಗಳ ಮತ್ತೆ ಶುರುವಾಯಿತು.

ಡೈರಿಯಲ್ಲಿ ಮಹಾದೇವಸ್ವಾಮಿ ಬಿಡಲಿಲ್ಲ. “ಮುಚ್ಲಿಲ್ವಂತೆ ಇನ್ನೂವೆ?”

“ಮುಚ್ಚಿದ್ರೆ ನಿಮ್ ಎಂಡ್ತಿ ಪವಿತ್ರಾ ಎಲ್ಲಿ ಬರೀತಾಳೆ ಅಣ್ಣಾ?”

“ನಮ್ಮನೆಯೋಳಾ? ಏನ್ ಬರ್ದವ್ಳೆ?”

ಇಂದ್ರಾಣಮ್ಮ ಹಾಲಿನ ಕ್ಯಾನು ಮುಂದೆ ಸರಿಸಿದರು. “ಓಗಿ ಓದ್ಕೊಳ್ಳಿ. ಬಾಗ್ಲು ತೆಗ್ದೇ ಅದೆ.”