ಮಾಸ್ತರರ ಮೇಜಿನ ಯುದ್ಧ

ಬೆಳಿಗ್ಗೆ ಅಂಗಳ ಸಾರಿಸಿದೆ, ಜೋಳ ಗಿರಣಿಗೆ ಕೊಟ್ಟು ಬಂದೆ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಮಧ್ಯಾಹ್ನ ಹುಣಸೆಹಣ್ಣು ಕುಟ್ಟುತ್ತ ಕುಳಿತಾಗ ಒಂದಿಷ್ಟು ಬೀಜ ಫರಸಿ ಕಲ್ಲಿನ ನೆಲದ ಮೇಲೆ ಉರುಳಿದವು. ಆ ಸಪ್ಪಳಕ್ಕೆ ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು ನೆನಪಾದರು. ನೆನಪಾಗಬಾರದಿತ್ತು.

ಶಿಗ್ಗಾಂವಿಯ ನಮ್ಮ ಓಣಿಯಲ್ಲಿ ಅವರು ಪಡಸಾಲೆಯ ಮೇಜಿನ ಮೇಲೆ ಯುದ್ಧ ಆಡಿಸುತ್ತಿದ್ದರು. ಮಣ್ಣಿನ ಗುಡ್ಡ, ನೀಲಿ ಬಳಿದ ಕೆರೆ, ಮೂಲೆಗೊಂದು ಕೋಟೆ: ಹಾನಗಲ್ಲ, ಸವಣೂರು, ಹಿರೇಕೆರೂರು, ಶಿಗ್ಗಾಂವಿ. ಹುಣಸೆ ಬೀಜಗಳೇ ದಂಡು. ನಮ್ಮ ಯಜಮಾನರು, ಅವರ ಅಣ್ಣ, ಅಂದರೆ ನಮ್ಮ ಬಾವನವರು, ಓಣಿಯ ಇನ್ನಿಬ್ಬರು ಸಂಜೆ ಕೂಡಿ ಆಡುತ್ತಿದ್ದರು. ಗೆಲ್ಲುತ್ತಿದ್ದವರು ಮಾತ್ರ ಬಾವನವರೇ. ಹಿರಿಯರು, ಅವರ ಕೋಟೆಗೆ ಯಾರೂ ಕೈ ಹಚ್ಚುತ್ತಿರಲಿಲ್ಲ. ಉಳಿದ ಮೂವರು ತಮ್ಮತಮ್ಮಲ್ಲೇ ಬಡಿದಾಡಿ ಸಾಯುತ್ತಿದ್ದರು. ಬಾವನವರು ಮನೆಗೆ ಬಂದು, "ಇವತ್ತೂ ಊರು ನಂದ ಆತವಾ, ಚಾ ಇಡು" ಎನ್ನುತ್ತಿದ್ದರು. ಯಾರಿಗೇನು ನಷ್ಟವಾಗಿತ್ತು?

ಮಾಸ್ತರರಿಗೆ ಆಗಿತ್ತು. "ಇದು ಆಟ ಅಲ್ರಿ, ಕಾಲಿಗೆ ಬೀಳೂದು" ಎಂದು ಹೊಸ ಕಾಯಿದೆ ತಂದರು. ಕೋಟೆಗಳನ್ನು ಗುಟ್ಟಾಗಿ ಹಂಚಿದರು. ಎಲ್ಲರೂ ಹೊರಗೆ ಕಟ್ಟೆಯ ಮೇಲೆ ಕೂಡಬೇಕು. ಒಬ್ಬೊಬ್ಬರೇ ಒಳಗೆ ಹೋಗಿ ತಮ್ಮ ನಡೆಯನ್ನು ಅವರ ಕಿವಿಯಲ್ಲಿ ಹೇಳಬೇಕು. ಯಾವ ಕೋಟೆ ಯಾರದೆಂದು ಯಾರಿಗೂ ತಿಳಿಯದು...

ಹೊಸ ಕಾಯಿದೆಯ ಮೊದಲ ಸಂಜೆ ಚಾ ಒಯ್ದಿದ್ದ ನಾನು ಮೇಜಿನ ಹತ್ತಿರವೇ ಇದ್ದೆ. ನಮ್ಮವರ ದಂಡು ಸವಣೂರನ್ನು ಬರಿದು ಮಾಡಿತು. ಮಾಸ್ತರರು ಎಲ್ಲರನ್ನೂ ಒಳಗೆ ಕರೆದು, "ಸವಣೂರು ಯಾರದಿತ್ರಿ?" ಎಂದರು, ಗೊತ್ತಿದ್ದೂ. ಬಾವನವರು ಕೈ ಎತ್ತಿದರು.

"ಗೊತ್ತಿದ್ದಿಲ್ಲೋ ಅಣ್ಣಾ. ಗೊತ್ತಿದ್ರ ಹೊಡೀತಿದ್ನೇನು?" ಎಂದರು ನಮ್ಮವರು. ಸಮಾಧಾನಕ್ಕೆಂದು ಆಡಿದ ಮಾತು.

ಬಾವನವರ ಮುಖ ಕಪ್ಪಿಟ್ಟಿತು. "ಹಂಗಾರ ಇಷ್ಟ ದಿನಾ ನಾ ಗೆದ್ದಿದ್ದು ನೀವು ಭಿಕ್ಷಾ ಹಾಕಿದ್ದೇನಲೇ? ಮನ್ಯಾಗ ನನ್ನ ಮಾತ ಕೇಳೂದೂ ಹಿಂಗನ ಏನು?"

ಮಾಸ್ತರರು ನಕ್ಕರು. "ಈಗ ನೋಡ್ರಿ, ಆಟ ನ್ಯಾಯಕ್ಕ ಬಂತು."

ಆ ನಗೆಯನ್ನು ನಾನು ಕ್ಷಮಿಸಿಲ್ಲ. ಬಾವನವರು ಬೇರೆ ಒಲೆ ಹೂಡಿದರು. ನಡುಮನೆಗೆ ಗೋಡೆ ಎದ್ದಿತು. ಅಣ್ಣತಮ್ಮರ ಮಾತು ಇಂದಿಗೂ ನನ್ನ ಬಾಯಿಂದಲೇ. "ನಿನ್ನ ಗಂಡಗ ಹೇಳವಾ" ಎಂದು ಅವರು, "ನಿಮ್ಮ ಬಾವಾರಿಗೆ ಹೇಳು" ಎಂದು ಇವರು.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಓಣಿಯೆಲ್ಲ ಹೋಯಿತು, ನಾನು ಹೋಗಲಿಲ್ಲ. ನ್ಯಾಯವಂತರು ಎಂದು ಹೊಗಳಿದರಂತೆ. ಇರಬಹುದು... ಎಲ್ಲರನ್ನೂ ಸರಿಸಮ ಮಾಡಿದರು. ನಮ್ಮ ಮನೆಯಲ್ಲಿ ಅಣ್ಣ ಅನ್ನುವವರೇ ಉಳಿಯಲಿಲ್ಲ.

ಇವತ್ತು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಉಂಡೆವು. ಒಂದು ಬಟ್ಟಲು ಪಲ್ಯ ಆಚೆ ಮನೆಗೂ ಕೊಟ್ಟು ಬಂದೆ. ನಮ್ಮವರು ಮೊದಲು ಮಲಗಿದರು. ಗೋಡೆಯಾಚೆ ಬಾವನವರು ಇನ್ನೂ ಕೆಮ್ಮುತ್ತಿದ್ದರು.