ಲಾಳಿಕೆಯ ಏಣು ಯಾವ ಕೈಯದು?

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ಎಡಚಕ್ಕನಿಗೆ ಲೋಕವೆಲ್ಲ ಆಗಷ್ಟೇ ತೊಳೆದು ಕವುಚಿಟ್ಟ ಪಾತ್ರೆಯಂತೆ ಕಾಣತೊಡಗಿತು. ಗೋಡೆಯ ಬಿರುಕನ್ನು ನೋಡುವಳು, ತನ್ನ ಕೈಯ ಸುಕ್ಕನ್ನು ನೋಡುವಳು. ಮೈದುನನ ಸೊಸೆಯ ಮುಖವನ್ನಂತೂ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು.

"ಈ ಮಚ್ಚೆ ಯಾವಾಗ ಬಂತೇ?"

"ಹುಟ್ಟಿದಾಗಿಂದ ಇದೆ, ದೊಡ್ಡತ್ತೆ."

"ಮದುವೆ ಫೋಟೋದಲ್ಲಿ ಇಲ್ಲವಲ್ಲ!"

"ಅದರಲ್ಲಿ ಪೌಡರ್ ಇದೆ."

ಮನೆಯೊಳಗೆ ನೋಡುವುದೆಲ್ಲ ಮುಗಿದ ಮೇಲೆ ಎಡಚಕ್ಕ ಮುಂಬಾಗಿಲಿಗೆ ಹೊಂದಿಕೊಂಡ ಕಾರ್ಖಾನೆಗೆ ಬಂದು ಸ್ಟೂಲು ಎಳೆದುಕೊಂಡು ಕೂತಳು. ಕಾರ್ಖಾನೆ ಅಂದರೆ ಒಂದು ಉದ್ದನೆಯ ಕೋಣೆ. ಒಂದು ಬೆಂಚು, ತಗಡಿನ ಹಾಳೆಗಳ ರಾಶಿ, ಇದ್ದಿಲ ಒಲೆಯಲ್ಲಿ ಕಾಯುತ್ತಿರುವ ಬೆಸುಗೆಯ ಸಲಾಕೆ. ಓಣಿಯ ಉದ್ದಕ್ಕೂ ಇಂಥವೇ ಕೋಣೆಗಳು, ಎಲ್ಲದರಲ್ಲೂ ಟಣಟಣ. ಇಲ್ಲಿಯವರು ಮಾತಾಡುವುದಕ್ಕಿಂತ ಕೂಗುವುದೇ ಹೆಚ್ಚು. ಬಸ್ಸಿನಲ್ಲಿ ಪಕ್ಕದವರು ಬೆಚ್ಚಿ ತಿರುಗಿ ನೋಡಿದಾಗಲೇ ಅವರಿಗೆ ಅದು ಗೊತ್ತಾಗುವುದು.

ಈ ಓಣಿಗೆ ಹೆಸರು ತಂದದ್ದು ಏಣು ಲಾಳಿಕೆ. ಸಾದಾ ಲಾಳಿಕೆಯನ್ನು ಸೀಸೆಯ ಬಾಯಿಗೆ ಇಟ್ಟು ಎಣ್ಣೆ ಸುರಿದು ನೋಡಿ. ಕೊಳವೆ ಸೀಸೆಯ ಕುತ್ತಿಗೆಗೆ ಬಿಗಿಯಾಗಿ ಕೂರುತ್ತದೆ, ಒಳಗಿನ ಗಾಳಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಗುಳುಕ್, ಗುಳುಕ್ ಎಂದು ತೇಗಿ ಎಣ್ಣೆ ನಿಮ್ಮ ಕೈಮೇಲೇ ಉಕ್ಕುತ್ತದೆ. ಈ ಓಣಿಯ ಲಾಳಿಕೆಯ ಕೊಳವೆಗೆ ಹೊರಮೈಯಲ್ಲಿ ಉದ್ದಕ್ಕೂ ಉಬ್ಬಿ ನಿಂತ ಒಂದು ಏಣು ಇದೆ. ಅಷ್ಟೇ. ಆ ಏಣು ಕೊಳವೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿಯುತ್ತದೆ, ಸಂದಿಯಲ್ಲಿ ಗಾಳಿ ಹೊರಬೀಳುತ್ತದೆ, ಎಣ್ಣೆ ಸದ್ದಿಲ್ಲದೆ ಇಳಿಯುತ್ತದೆ. ಇದನ್ನು ಕಂಡುಹಿಡಿದವರು ಎಡಚಕ್ಕನ ಮಾವ ಎಂಬುದು ಓಣಿಗೆಲ್ಲ ಗೊತ್ತಿದ್ದ ಸಂಗತಿ. ತಗಡು ಕೆಲಸಗಾರರ ಸಂಘದ ಹೊಸ ಕೋಣೆಯಲ್ಲಿ ಬರುವ ಭಾನುವಾರ ಅವರ ದೊಡ್ಡ ಪಟ ಹಾಕುವವರಿದ್ದರು. ಸಂಘದ ಅಧ್ಯಕ್ಷ ಬೇರಾರೂ ಅಲ್ಲ, ಮೈದುನನೇ. ಪಟದ ಕೆಳಗೆ ಬರೆಯುವ ಸಾಲೂ ತಯಾರಾಗಿತ್ತು: "ಏಣು ಲಾಳಿಕೆಯನ್ನು ಕಂಡುಹಿಡಿದವರು."

ಎಡಚಕ್ಕನಿಗೆ ಆ ಸಾಲು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ಮೊದಲ ಏಣು ಬಂದದ್ದು ತನ್ನ ಕೈಯಿಂದ ಎಂದು ಆಕೆ ಹಿಂದೊಮ್ಮೆ ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಇನ್ನೊಮ್ಮೆ ಹೇಳಿದಾಗ ಯಾರೂ ನಗಲಿಲ್ಲ, ವಯಸ್ಸಾಯಿತು ಪಾಪ ಎಂಬಂತೆ ನೋಡಿದರು. ನಗುವೇ ವಾಸಿ ಅನ್ನಿಸಿತ್ತು.

ಈಗ ಸ್ಟೂಲಿನ ಮೇಲೆ ಕೂತು, ಹೊಸ ಕಣ್ಣಿನಿಂದ, ಸೊಸೆಯ ಕೆಲಸ ನೋಡುತ್ತಿದ್ದಳು. ಹುಡುಗಿ ತಗಡಿನ ಪಟ್ಟಿಯನ್ನು ಸರಳಿಗೆ ಸುತ್ತಿ ಕೊಳವೆ ಮಾಡುತ್ತಿದ್ದಳು. ಸುತ್ತುವಾಗ ಬಲಗೈ ಮಣಿಕಟ್ಟನ್ನು ಹಿಂದಕ್ಕೆ ತಿರುಚಿ, ಮೊಣಕೈಯನ್ನು ಕೋಳಿ ರೆಕ್ಕೆ ಎತ್ತಿದ ಹಾಗೆ ಎತ್ತಿ, ಅಂಚಿನ ಮೇಲೆ ಅಂಚು ಕೂರಿಸುವಳು. ಪ್ರತಿ ಸಲವೂ ಹಲ್ಲು ಕಚ್ಚುವಳು. ಮಣಿಕಟ್ಟಿಗೆ ಹಳೇ ಬಟ್ಟೆಯೊಂದನ್ನು ಬಿಗಿದು ಕಟ್ಟಿಕೊಂಡಿದ್ದಳು.

"ಅದ್ಯಾಕೆ ಕೈನ ಹಾಗೆ ತಿರುಚ್ತೀಯ?"

"ಹಾಗೇ ಮಾಡ್ಬೇಕು ದೊಡ್ಡತ್ತೆ. ಏಣಿನ ಮಡಿಕೆ ಈ ಕಡೆಗೇ ಬೀಳ್ಬೇಕು."

"ಯಾರು ಹೇಳಿದ್ದು?"

"ಮಾವ ಹೇಳಿದ್ದು. ಮಾವನಿಗೆ ತಾತ ಹೇಳಿದ್ದಂತೆ. ಅಲ್ಲಿ ಮೊಳೆಗೆ ನೇತಾಕಿದೆಯಲ್ಲ, ಆ ಮಾದರಿ ನೋಡ್ಕೊಂಡು ಅದರ ಹಾಗೇ ಮಾಡ್ಬೇಕಂತೆ, ಒಂದಿಷ್ಟೂ ಆಚೆ ಈಚೆ ಆಗ್ಬಾರದಂತೆ." ಕೈ ಕೊಡವಿದಳು. "ಓಣಿಯಲ್ಲಿ ಎಲ್ಲರ ಕೈಯೂ ಹೀಗೇ ಹೋಗಿದೆ. ಪಕ್ಕದ ಅಂಗಡಿಯವರಿಗೆ ಸಂಜೆ ಹೊತ್ತಿಗೆ ಲೋಟ ಎತ್ತೋಕಾಗಲ್ಲ. ನನಗೂ ಸಾಕಾಗಿದೆ, ಇದನ್ನ ಬಿಟ್ಟು ಎಲ್ಲಾದರೂ ಪೆಟ್ಟಿಗೆಗೆ ಟೇಪು ಅಂಟಿಸೋ ಕೆಲಸಕ್ಕೆ ಹೋಗ್ತೀನಿ."

ಎಡಚಕ್ಕ ಎದ್ದಳು. ಮೊಳೆಗೆ ನೇತುಹಾಕಿದ್ದ ಹಳೆಯ ಲಾಳಿಕೆಯನ್ನು ಇಳಿಸಿ ಬೆಳಕಿಗೆ ಹಿಡಿದಳು. ಹೊಗೆಗೆ ಕಪ್ಪಾದ ಆ ತಗಡನ್ನು ಆಕೆ ಕೈಯಲ್ಲಿ ಹಿಡಿಯದೆ ಎಷ್ಟೋ ಕಾಲವಾಗಿತ್ತು. ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಆಮೇಲೆ ಒಂದು ಪಟ್ಟಿ ತೆಗೆದುಕೊಂಡು, ಸರಳನ್ನು ಬಲಗೈಲಿ ಹಿಡಿದು, ಎಡಗೈಯಿಂದ ಸುತ್ತಿದಳು. ಮಡಿಕೆ ತಾನಾಗಿ, ಬೆಣ್ಣೆಯ ಮೇಲೆ ಬೆರಳು ಜಾರಿದಷ್ಟು ಸಲೀಸಾಗಿ, ಮಾದರಿಯ ದಿಕ್ಕಿಗೇ ಬಿತ್ತು.

"ಅಯ್ಯೋ ದೇವರೇ," ಅಂದಳು ಎಡಚಕ್ಕ. ಓಣಿಯವರ ದನಿಯಲ್ಲಲ್ಲ, ಮೆಲ್ಲಗೆ.

ಹಿಂದೆ ನಡೆದದ್ದಿಷ್ಟು. ಮದುವೆಯಾಗಿ ಬಂದ ಹೊಸತರಲ್ಲಿ ಕಾರ್ಖಾನೆಗೆ ಕೈ ಸಾಲದೆ ಮಾವ ಆಕೆಯನ್ನೂ ಬೆಂಚಿಗೆ ಕೂರಿಸಿದ್ದರು. ತಗಡಿನ ಕತ್ತರಿ ಬಲಗೈಯವರಿಗೆಂದೇ ಮಾಡಿದ್ದು. ಎಡಗೈಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ. ಗೆರೆ ಕಾಣದೆ ಆಕೆ ಪಟ್ಟಿಯನ್ನು ಅಗಲವಾಗಿ ಕತ್ತರಿಸಿದಳು. ತಗಡು ಹಾಳಾಯಿತೆಂದು ಬೈಸಿಕೊಳ್ಳುವ ಬದಲು ಹೆಚ್ಚಾದ ಅಂಚನ್ನು ಹೊರಕ್ಕೆ ಮಡಿಸಿ, ಮೇಲೆ ಬೆಸುಗೆ ಮೆತ್ತಿ ಸುಮ್ಮನಾದಳು. ಮಾವ ಅದನ್ನು ನೋಡಿ, "ಎಡಚಿ, ಇದೇನು ಲಾಳಿಕೆಯೋ ಮೊಸಳೆ ಬೆನ್ನೋ?" ಎಂದು ಅಗ್ಗದ ಸಾಮಾನಿನ ಬುಟ್ಟಿಗೆ ಎಸೆದರು. ಸೀಮೆಎಣ್ಣೆ ಅಂಗಡಿಯವನು ಅದನ್ನು ಕೊಂಡೊಯ್ದ. ಕೆಲವೇ ದಿನಗಳಲ್ಲಿ ಓಡೋಡಿ ಬಂದ. "ಯಜಮಾನ್ರೇ, ಅಂಥದ್ದೇ ಇನ್ನೊಂದು ಕೊಡಿ. ಅದು ತೇಗೋದೇ ಇಲ್ಲ!"

ಯಾಕೆ ತೇಗುವುದಿಲ್ಲ ಎಂದು ಮಾವನಿಗೆ ತಿಳಿಯಲಿಲ್ಲ. ಅವರು ತಲೆ ಕೆಡಿಸಿಕೊಳ್ಳಲೂ ಇಲ್ಲ. ತಲೆ ಕೆಡಿಸಿಕೊಂಡವಳು ಎಡಚಕ್ಕ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅಡುಗೆಮನೆಯಲ್ಲಿ ಸೀಸೆ, ಸಾದಾ ಲಾಳಿಕೆ, ಒಂದು ಚೊಂಬು ನೀರು ಇಟ್ಟುಕೊಂಡು ಕೂತಳು. ಕೊಳವೆಗೆ ದಾರ ಸುತ್ತಿದಳು, ತೇಗಿತು. ಬಟ್ಟೆ ಸುತ್ತಿದಳು, ಇನ್ನೂ ಜೋರಾಗಿ ತೇಗಿತು. ಕೊನೆಗೆ ಸೀಸೆಯ ಬಾಯಿಗೂ ಕೊಳವೆಗೂ ನಡುವೆ ಒಂದು ಬೆಂಕಿಕಡ್ಡಿ ಸಿಗಿಸಿದಳು. ನೀರು ಸದ್ದಿಲ್ಲದೆ ಇಳಿಯಿತು. ಕಡ್ಡಿ ತೆಗೆದಳು, ಗುಳುಕ್. ಇಟ್ಟಳು, ಸದ್ದಿಲ್ಲ. ನೆಲವೆಲ್ಲ ನೀರು, ಸೀರೆಯೆಲ್ಲ ನೀರು, ಆಕೆಗೆ ಮಾತ್ರ ನಗು ತಡೆಯಲಾಗಲಿಲ್ಲ. ಸಂಜೆ ಮಾವನಿಗೆ ಮಾಡಿ ತೋರಿಸಿದಳು. ಅವರು "ಹೂಂ" ಅಂದರು. ಮರುದಿನದಿಂದ ಬಂದ ಗಿರಾಕಿಗಳಿಗೆಲ್ಲ ಅವರೇ ಕಡ್ಡಿ ಇಟ್ಟು ತೋರಿಸತೊಡಗಿದರು. ಅವಳ ಕೈಯಿಂದಲೇ ಅಂಥದ್ದು ಇನ್ನೊಂದು ಮಾಡಿಸಿದರು, ಅದು ಮೊಳೆ ಏರಿ ಮಾದರಿಯಾಯಿತು. ಅವಳು ಡಬ್ಬಿಯ ಮುಚ್ಚಳಕ್ಕೆ ಬೆಸುಗೆ ಹಾಕಲು ಹಿಂದಿನ ಕೋಣೆಗೆ ಹೋದಳು. ಹೊಸ ಲಾಳಿಕೆಯನ್ನು ಮುಂದಿನ ಕೋಣೆಯ ಗಂಡಸರು ಹೇಗೆ ಮಾಡುತ್ತಾರೆಂದು ಅವಳು ನೋಡಲೇ ಇಲ್ಲ. ನೋಡುವ ಬಿಡುವು ಸಿಗುವ ಹೊತ್ತಿಗೆ ಕಣ್ಣಿಗೆ ಪೊರೆ ಬಂದಿತ್ತು.

ಮನೆಬಳಕೆಯ ಸಾಮಾನುಗಳ ಚರಿತ್ರೆ ಹೆಚ್ಚುಕಡಿಮೆ ಹೀಗೇ ಸಾಗಿಬಂದಿದೆ. ಅಂಗಿಯ ಗುಂಡಿಗೆ ನಾಲ್ಕು ತೂತು ಕೊರೆದವರು ಯಾರು? ಪಾತ್ರೆಯ ಮುಚ್ಚಳಕ್ಕೆ ಹಿಡಿ ಇಟ್ಟವರು? ಬಟ್ಟೆ ಸಿಗಿಸುವ ಕ್ಲಿಪ್ಪಿಗೆ ಸುರುಳಿ ತಂತಿ ತೊಡಿಸಿದವರು? ಕೈ ಸುಟ್ಟುಕೊಂಡವರು ಒಬ್ಬರು, ಬೋರ್ಡು ಹಾಕಿಕೊಂಡವರು ಇನ್ನೊಬ್ಬರು. ಮೊದಲು ಮಾರಿದವನನ್ನೇ ಮೊದಲು ಮಾಡಿದವನೆಂದು ಬರೆದು ಕೈ ತೊಳೆದುಕೊಳ್ಳುವುದು ಎಷ್ಟು ಸುಲಭ! ಎಡಚಕ್ಕ ಎಂದು ಓಣಿಯೇ ದಿನಕ್ಕೆ ಹತ್ತು ಸಲ ಕೂಗುತ್ತಿತ್ತು. ಆ ಎಡಗೈ ಏನು ಮಾಡಿತ್ತೆಂದು ಒಬ್ಬರಾದರೂ ಕೇಳಬೇಕಿತ್ತಲ್ಲ? ಕೇಳುವುದಕ್ಕೆ ಕಾಸು ಖರ್ಚಾಗುತ್ತಿರಲಿಲ್ಲ.

ಮೈದುನ ಪಟಕ್ಕೆ ಕಟ್ಟು ಹಾಕಿಸಿಕೊಂಡು ಬಂದಾಗ ಎಡಚಕ್ಕ ಬೆಂಚಿಗೆ ಅಡ್ಡವಾಗಿ ನಿಂತಿದ್ದಳು.

"ಮೊದಲು ಇದನ್ನ ಸುತ್ತು," ಎಂದು ಸರಳು, ಪಟ್ಟಿ ಎರಡನ್ನೂ ಅವನ ಕೈಗಿಟ್ಟಳು.

"ಈಗ್ಲಾ ಅತ್ತಿಗೆ? ಪಟ ಎಲ್ಲಿಡ್ಲಿ?"

"ಅದನ್ನ ಗೋಡೆಗೆ ಒರಗಿಸು. ನಿಮ್ಮಪ್ಪ ಎಲ್ಲೂ ಓಡಿ ಹೋಗಲ್ಲ. ಮಾದರಿ ನೋಡ್ಬೇಡ, ಯೋಚನೆ ಮಾಡ್ಬೇಡ, ಸುಮ್ನೆ ಸುತ್ತು."

ಮೈದುನ ಗೊಣಗುತ್ತಾ ಸುತ್ತಿದ. ಮಡಿಕೆ ಮಾದರಿಗೆ ತಿರುಗಾಮುರುಗಾ ಬಿತ್ತು. ಅವನು ಬಿಚ್ಚಿ ಮತ್ತೆ ಸುತ್ತಹೊರಟಾಗ ಎಡಚಕ್ಕ ಅವನ ಕೈ ಹಿಡಿದಳು.

"ಬಿಚ್ಚಬೇಡ. ಬಲಗೈ ತಾನಾಗಿ ಹೋದರೆ ಹೀಗೆ ಹೋಗುತ್ತೆ. ನಿಮ್ಮಪ್ಪನದು ಯಾವ ಕೈ?"

"ಬಲಗೈ. ಅದಕ್ಕೇನೀಗ?"

"ಈಗ ನನ್ನದು ನೋಡು." ಅವನ ಕಣ್ಣೆದುರೇ ಸುತ್ತಿ, ಮಾದರಿಯ ಪಕ್ಕ ಹಿಡಿದಳು. ಅಕ್ಕಪಕ್ಕ ನಿಂತ ಅವಳಿ ಮಕ್ಕಳ ಹಾಗಿದ್ದವು. "ಈ ಅಂಚು ನೋಡು, ಇಲಿ ಕಚ್ಚಿದ ಹಾಗಿದೆ. ಬಲಗೈ ಕತ್ತರಿಯನ್ನ ಎಡಗೈಲಿ ಹಿಡಿದರೆ ಮಾತ್ರ ಹೀಗಾಗೋದು. ನಿಮ್ಮಪ್ಪ ಇಷ್ಟು ಕೆಟ್ಟದಾಗಿ ಕತ್ತರಿಸ್ತಿದ್ರಾ? ಹೇಳು, ಪಟದ ಮುಂದೆ ನಿಂತು ಹೇಳು."

ಮೈದುನ ಪಟದ ಕಡೆ ನೋಡಿದ. ಲಾಳಿಕೆ ನೋಡಿದ. ತಲೆ ಕೆರೆದುಕೊಂಡ.

"ಆಯ್ತು ಅತ್ತಿಗೆ, ನಿಮ್ಮ ಕೈದೇ ಇರಬಹುದು. ಆದ್ರೆ ಅದು ತಪ್ಪಾಗಿ ಆಗಿದ್ದಲ್ವಾ? ತಪ್ಪು ಮಾಡಿದವರನ್ನ ಕಂಡುಹಿಡಿದವರು ಅಂತಾರಾ? ಹಾಗಾದ್ರೆ ಇನ್ನೊಂದು ಬೇಕು ಅಂತ ಬಂದ ಸೀಮೆಎಣ್ಣೆಯವನ ಪಟಾನೂ ಹಾಕ್ಬೇಕಾಗುತ್ತೆ."

ಆ ಪ್ರಶ್ನೆ ಎಡಚಕ್ಕನಿಗೂ ಇಷ್ಟವಾಯಿತು. ಹಾಗೆ ನೋಡಿದರೆ ಎಷ್ಟೋ ಮಧ್ಯಾಹ್ನ ಒಬ್ಬಳೇ ಕೂತು ಅದನ್ನೇ ಕೇಳಿಕೊಂಡಿದ್ದಳು.

"ಹಾಕು, ಸಿಕ್ಕರೆ ಹಾಕು. ಅವನದೂ ಪಾಲಿದೆ," ಅಂದಳು. "ನಾನು ತಪ್ಪಿ ಮಾಡಿದೆ, ಅವನು ಗಮನಿಸಿದ. ಆದ್ರೆ ಯಾಕೆ ಹಾಗಾಗುತ್ತೆ ಅಂತ ಯಾರು ನೋಡಿದ್ದು? ಗಿರಾಕಿಗಳಿಗೆ ನಿಮ್ಮಪ್ಪ ಏನಿಟ್ಟು ತೋರಿಸ್ತಿದ್ರು?"

"ಬೆಂಕಿಕಡ್ಡಿ."

"ಬೀಡಿ, ಸಿಗರೇಟು ಯಾವುದೂ ಸೇದದ ಮನುಷ್ಯ. ಅಡುಗೆಮನೆ ಕಡೆ ಒಂದು ದಿನಾನೂ ಬಂದವರಲ್ಲ, ಈ ಇದ್ದಿಲ ಒಲೆಗೂ ನಾನೇ ಒಳಗಿಂದ ಕೆಂಡ ತಂದು ಹಾಕ್ತಿದ್ದೆ. ಅವರ ಕೈಗೆ ಬೆಂಕಿಪೊಟ್ಟಣ ಎಲ್ಲಿಂದ ಬಂತು ಅಂತ ನಿನಗೆ ಯಾವತ್ತೂ ಅನ್ನಿಸಲಿಲ್ವಾ?"

"ಇಲ್ಲ," ಅಂದ ಮೈದುನ, ಮೆಲ್ಲಗೆ. ಓಣಿಯಲ್ಲಿ ಅದು ಅಪರೂಪ.

ಆ ಹೊತ್ತಿಗೆ ಸೊಸೆ ಲೆಕ್ಕ ಹಾಕಿಯಾಗಿತ್ತು. ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಂದ್ರೆ ದೊಡ್ಡತ್ತೆ, ಇಷ್ಟು ವರ್ಷ ಓಣಿಯವರ ಕೈ ಮುರಿದದ್ದು ನೀವು!"

ನಗುತ್ತಲೇ ಅಂದದ್ದು. ಆದರೂ ಎಡಚಕ್ಕನಿಗೆ ಚುರುಕ್ ಅಂದಿತು. ಏಣು ತನ್ನದೆಂದರೆ ಆ ನೋವೂ ತನ್ನದೇ. ಒಂದನ್ನು ಮಾತ್ರ ಎತ್ತಿಕೊಂಡು ಇನ್ನೊಂದನ್ನು ಬಿಟ್ಟುಹೋಗುವ ಹಾಗಿರಲಿಲ್ಲ.

"ನನ್ನ ಕೈಗೆ ಅದು ಸರಿಯಾಗಿತ್ತು ಕಣೇ," ಅಂದಳು. "ಯಾಕೆ ಅಂತ ಕೇಳದೆ ಮಕ್ಕಿಕಾಮಕ್ಕಿ ಮಾಡಿದ್ದು ನಿಮ್ಮ ತಾತ. ನಾನು ಮುಂದಿನ ಕೋಣೆಯಲ್ಲೇ ಇದ್ದಿದ್ರೆ ಮೊದಲನೇ ದಿನವೇ ಕಾಣ್ತಿತ್ತು." ಆಮೇಲೆ ದನಿ ಇಳಿಸಿ ಕೇಳಿದಳು: "ಅದಿರಲಿ. ಮಡಿಕೆ ಆ ಕಡೆಗೆ ಬಿದ್ದರೆ ಲಾಳಿಕೆ ತೇಗುತ್ತಾ, ಇಲ್ವಾ?"

ಇಡೀ ಓಣಿಯಲ್ಲಿ ಯಾರೂ ಅದನ್ನು ಮಾಡಿ ನೋಡಿರಲಿಲ್ಲ.

ಮೈದುನ ತಾನು ತಪ್ಪಾಗಿ ಸುತ್ತಿದ್ದ ಕೊಳವೆಯನ್ನೇ ತೆಗೆದುಕೊಂಡ. ಸೊಸೆ ಅದಕ್ಕೆ ಬೆಸುಗೆ ಹಾಕಿ ಲಾಳಿಕೆಯ ಬಾಯಿಗೆ ಕೂಡಿಸಿದಳು. ಸೀಸೆ ಬಂತು, ಚೊಂಬು ಬಂತು. ಅಧ್ಯಕ್ಷರೇ ಬಗ್ಗಿ ನಿಂತು ನೀರು ಸುರಿದರು. ನೀರು ಸದ್ದಿಲ್ಲದೆ ಇಳಿಯಿತು. ಸೀಸೆ ತುಂಬಿದ್ದು ಗೊತ್ತಾಗದೆ ಅವರ ಕಾಲಮೇಲೆ ಹರಿಯಿತು.

"ಥೂ ನಮ್ಮ..." ಅಂದ ಮೈದುನ. ಯಾರನ್ನು ಬೈಯಬೇಕೆಂದು ತಿಳಿಯದೆ ಅಲ್ಲಿಗೇ ನಿಲ್ಲಿಸಿದ. ತನ್ನ ಬಲ ಮಣಿಕಟ್ಟನ್ನು ಎಡಗೈಯಿಂದ ನೀವಿಕೊಂಡ. ಅದು ಬರೀ ವಯಸ್ಸಿನ ನೋವೆಂದು ಇಷ್ಟು ದಿನ ನಂಬಿದ್ದ.

ಭಾನುವಾರ ಸಂಘದ ಕೋಣೆಯಲ್ಲಿ ಪಟ ಏರಿತು. ಅಪ್ಪನ ಪಟವನ್ನು ಇಳಿಸುವಷ್ಟು ಎದೆ ಮೈದುನನಿಗಿರಲಿಲ್ಲ, ಎಡಚಕ್ಕ ಇಳಿಸೆಂದು ಕೇಳಲೂ ಇಲ್ಲ. ಆದರೆ ಪಟದ ಕೆಳಗಿನ ಸಾಲು ಬದಲಾಗಿತ್ತು: "ಏಣು ಲಾಳಿಕೆಯನ್ನು ಊರೂರಿಗೆ ಮಾರಿದವರು." ಅದರ ಪಕ್ಕ, ಪಟಕ್ಕಿಂತ ಒಂದು ಗೇಣು ಮೇಲೆ, ಹೊಗೆಗಪ್ಪಿನ ಹಳೆಯ ಲಾಳಿಕೆ ಮೊಳೆಗೆ ನೇತಾಡುತ್ತಿತ್ತು. ಕೆಳಗೆ: "ಇದನ್ನು ಮಾಡಿದ್ದು, ಯಾಕೆ ತೇಗುವುದಿಲ್ಲವೆಂದು ಕಂಡುಹಿಡಿದದ್ದು ನಮ್ಮ ಎಡಚಕ್ಕ." ನೆರೆದವರಲ್ಲಿ ಯಾರೋ "ತಮಾಷೆನಾ ಇದು?" ಎಂದರು. ಮೈದುನ ಅವರ ಕೈಗೆ ಒಂದು ಸರಳು, ಒಂದು ಪಟ್ಟಿ ಕೊಟ್ಟ. "ಯೋಚನೆ ಮಾಡದೆ ಸುತ್ತಿ ನೋಡಿ."

ಮರುದಿನ ಕಾರ್ಖಾನೆಯ ಮೊಳೆ ಖಾಲಿಯಿತ್ತು. ಸೊಸೆಯ ಮಣಿಕಟ್ಟಿನಲ್ಲಿ ಬಟ್ಟೆ ಇನ್ನೂ ಇತ್ತು, ಕಟ್ಟು ಮಾತ್ರ ಸಡಿಲವಾಗಿತ್ತು.

"ಮಾದರಿ ಇಲ್ಲದೆ ಹೇಗೆ ದೊಡ್ಡತ್ತೆ?"

"ನಿನ್ನ ಕೈ ಹೇಗೆ ಹೋಗುತ್ತೋ ಹಾಗೆ."

ಎಡಚಕ್ಕ ಸ್ಟೂಲಿನ ಮೇಲೆ ಕೂತು ತಗಡಿನ ಕತ್ತರಿಯನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು. ಮೇಲಿನ ಅಲಗು, ಕೆಳಗಿನ ಅಲಗು, ನಡುವಿನ ಬೋಲ್ಟು. ತೆರೆದಳು, ಮುಚ್ಚಿದಳು, ತಲೆಕೆಳಗಾಗಿ ಹಿಡಿದು ಮತ್ತೆ ತೆರೆದಳು.

"ಇದನ್ನ ಬಲಗೈಗೆ ಮಾತ್ರ ಅಂತ ಮಾಡಿದವನು ಯಾರಿರಬಹುದೇ?" ಅಂದಳು. "ಅಲಗು ಅದಲುಬದಲು ಮಾಡಿದ್ರೆ ಏನಾಗುತ್ತೆ? ಬೋಲ್ಟು ಬಿಚ್ಚೋ ಪಾನ ಎಲ್ಲಿದೆ, ಸ್ವಲ್ಪ ಕೊಡು."