ಕೀಬೋರ್ಡಿಗೆ ಬಗ್ಗದ ಮರಿಂಬಾ

ಬೆಳಗಿನ ಐದೂವರೆ. ಗುವಾಪಿ ನದಿಯಲ್ಲಿ ಉಬ್ಬರ ಇಳಿಯುತ್ತಿದೆ. ಕಂಬಗಳ ಮೇಲೆ ನಿಂತ ಮನೆಯ ಜಗಲಿಯಲ್ಲಿ ನಿಕೊಲಾಸಾ ರಿಯಾಸ್ಕೋಸ್ ಚೊಂಟಾ ತಾಳೆಮರದ ಪಟ್ಟಿಯೊಂದನ್ನು ಎರಡು ಬೆರಳಲ್ಲಿ ತೂಗಿ ಹಿಡಿದು, ಕೋಲಿನಿಂದ ಒಮ್ಮೆ ತಟ್ಟುತ್ತಾರೆ. ಕಣ್ಣು ಮುಚ್ಚಿ ಒಂದು ಜೋಗುಳದ ಸಾಲು ಗುನುಗುತ್ತಾರೆ. ಪಟ್ಟಿಯನ್ನು ಮಗುಚಿ, ನಡುವಿನಿಂದ ಕೂದಲೆಳೆಯಷ್ಟು ಕೆತ್ತಿ, ಮತ್ತೆ ತಟ್ಟುತ್ತಾರೆ.

“ಇನ್ನೂ ನಿದ್ದೆಗಣ್ಣಲ್ಲೇ ಇದಾನೆ ಇವನು,” ಎಂದು ಪಟ್ಟಿಯನ್ನು ಬೈಯುತ್ತಾರೆ.

ಕೋಲಿನಿಂದ ಬಾರಿಸುವ ಮರದ ವಾದ್ಯ ಮರಿಂಬಾ; ಒಂದಕ್ಕೆ ಇಂಥ ಇಪ್ಪತ್ಮೂರು ಪಟ್ಟಿಗಳು ಬೇಕು. ಪ್ರತಿಯೊಂದರ ಕೆಳಗೂ ಅದರದೇ ದನಿಯ ಬಿದಿರ ಕೊಳವೆ. ಕೃಷ್ಣಪಕ್ಷದಲ್ಲೇ ಮರ ಕಡಿಯಬೇಕು. ಸೀಳಿದ ಪಟ್ಟಿಗಳು ಆರು ತಿಂಗಳು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯಬೇಕು. ಅರವತ್ತೊಂದರ ನಿಕೊಲಾಸಾ ಈವರೆಗೆ ಮಾಡಿರುವುದು ನಲವತ್ತೇಳು ಮರಿಂಬಾ. ಅವುಗಳಲ್ಲಿ ಮೊದಲ ಒಂಬತ್ತನ್ನು ಊರು ಇವರ ಅಣ್ಣ ಮಾಡಿದ್ದೆಂದೇ ನಂಬಿತ್ತು.

ಹೆಂಗಸು ಮುಟ್ಟಿದರೆ ಚೊಂಟಾದ ದನಿ ಕೆಡುತ್ತದೆ ಎಂದು ಆಗ ಹೇಳುತ್ತಿದ್ದರು. ಅಪ್ಪ ಪ್ರಸಿದ್ಧ ಮರಿಂಬಾ ಕುಶಲಕರ್ಮಿ. ಅಣ್ಣನಿಗೆ ಕಲಿಸುವಾಗ ನಿಕೊಲಾಸಾ ಪಕ್ಕದಲ್ಲಿ ಕೂತು ಮೀನು ಹೆರೆಯುತ್ತ ಕೇಳಿಸಿಕೊಂಡಳು. ಹಗಲು ಕಾಂಡ್ಲಾ ಬೇರುಗಳ ಕೆಸರಿನಲ್ಲಿ ಕಪ್ಪೆಚಿಪ್ಪು ಹೆಕ್ಕಿ ಬಂದು, ಸಂಜೆ ಅಣ್ಣನ ಹೆಸರಲ್ಲಿ ಕೆತ್ತಿದಳು. ಗುಟ್ಟು ಒಡೆದದ್ದು ಊರ ಹಬ್ಬದಲ್ಲಿ. ಪಟ್ಟಿಯೊಂದು ಅಪಸ್ವರ ಹೊರಡಿಸಿದಾಗ ಜನ ಅಣ್ಣನ ಕೈಗೆ ಉಳಿ ಕೊಟ್ಟರು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ತಂಗಿಯತ್ತ ಚಾಚಿದ. “ಇಲ್ಲಿಗೆ ಸಾಕಮ್ಮ. ನನಗೂ ಸುಳ್ಳು ಹೇಳಿ ಸುಸ್ತಾಯ್ತು.”

ಕಳೆದ ವರ್ಷ ಜಗಲಿ ಹತ್ತಿ ಬಂದವನು ಯೇಯ್ಸನ್ ಮೊಸ್ಕೆರಾ. ಹುಟ್ಟಿದ್ದು ಕಾಲಿ ನಗರದಲ್ಲಾದರೂ ಅಜ್ಜಿಯ ಊರು ಇದೇ. ನದಿಯ ಹಾಡಿಗೆ ಲಾಗೋಸಿನ ಕುಣಿತದ ತಾಳ, ಜಮೈಕಾದ ಬೇಸ್, ಕಾಲಿಯ ಗಲ್ಲಿಗಳ ರ್‍ಯಾಪ್ ಬೆರೆಸುವ ತಂಡದಲ್ಲಿ ಅವನದು ಕೀಬೋರ್ಡ್. ಹೊಸ ಹಾಡು ನಿಂತದ್ದು ನಿಕೊಲಾಸಾ ಅವರ ಎಂಬತ್ನಾಲ್ಕರ ಅತ್ತೆ ಪ್ಲಾಸಿಡಾ ಹೇಳುವ ಜೋಗುಳದ ಮೇಲೆ. ಧ್ವನಿಮುದ್ರಣಕ್ಕೆ ಹತ್ತೇ ದಿನ ಉಳಿದಿತ್ತು. ಜಗಲಿಯಲ್ಲಿದ್ದ ಹೊಸ ಮರಿಂಬಾ ಅವನ ಕೀಬೋರ್ಡಿಗೆ ಹೊಂದುತ್ತಿರಲಿಲ್ಲ.

“ಚಿಕ್ಕಮ್ಮ, ಮೂರನೇ ಪಟ್ಟಿ, ಏಳನೇ ಪಟ್ಟಿ ಎರಡೂ ತಪ್ಪು ತೋರಿಸ್ತಿವೆ.”

“ಯಾರು ಹೇಳಿದ್ದು?”

“ಮೊಬೈಲು.”

“ಹಾಗಾದ್ರೆ ಮೊಬೈಲಿನ ಕಿವಿ ತೊಳಿ.”

ಹೀಗೆ ಗದರಿದರೂ ನಿಕೊಲಾಸಾ ಅವರ ಮನಸ್ಸು ಕರಗಿತು. ಮಾಡಿಟ್ಟಿದ್ದ ಹೊಸ ಮರಿಂಬಾವನ್ನು ಕೀಬೋರ್ಡಿನ ಶ್ರುತಿಗೇ ಕೆತ್ತಿಕೊಟ್ಟರು. ಪ್ಲಾಸಿಡಾ ಬಂದು ಹಾಡಲು ಕೂತರು. ಎರಡು ಸಾಲಿಗೇ ನಿಲ್ಲಿಸಿದರು.

“ಏ ಹುಡುಗಿ, ಇದು ಯಾರ ಮನೇದು? ನನ್ನ ಹಾಡಿಗೆ ಇದರಲ್ಲಿ ಕೂರೋಕೆ ಜಾಗಾನೇ ಇಲ್ವಲ್ಲೇ.”

ಅರವತ್ತೊಂದರ ಹುಡುಗಿ ತಲೆ ತಗ್ಗಿಸಿದರು. ಕೀಬೋರ್ಡಿಗೆ ಬಗ್ಗಿಸಹೋಗಿ ನದಿಯ ಶ್ರುತಿಯೇ ಕೆಟ್ಟಿತ್ತೆಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಉಳಿದಿದ್ದದ್ದು ಅಪ್ಪನ ಕೈಯ ಹಳೆಯ ಮರಿಂಬಾ ಒಂದೇ. ಅದನ್ನು ಸ್ವಲ್ಪವೇ ಸ್ವಲ್ಪ ಕೆತ್ತಿ ಹಾಡಿಗೂ ಕೀಬೋರ್ಡಿಗೂ ಹೊಂದಿಸಲಾದೀತೇ ಎಂದು ಯೇಯ್ಸನ್ ಮೆಲ್ಲಗೆ ಕೇಳಿದ. ನಿಕೊಲಾಸಾ ಉಳಿಯನ್ನು ಕೆಳಗಿಟ್ಟರು.

“ಮಗಾ, ಕೆತ್ತಿದ್ದು ಮತ್ತೆ ಅಂಟಲ್ಲ. ನಿನ್ನ ಪೆಟ್ಟಿಗೇಲಿ ಇಷ್ಟೊಂದು ಗುಂಡಿ ಇವೆಯಲ್ಲ, ಅದರ ಶ್ರುತಿ ಬದಲಾಯಿಸೋಕೆ ಆಗುತ್ತೋ ಇಲ್ವೋ?”

“ಆಗುತ್ತೆ.”

“ಬೇಡ ಅಂದ್ರೆ ಮೊದಲಿನ ಹಾಗೇ ಆಗುತ್ತಾ?”

“ಆಗುತ್ತೆ ಚಿಕ್ಕಮ್ಮ.”

“ಮತ್ತೆ ಇಷ್ಟು ದಿನ ನನ್ನ ಕೈಲಿ ಯಾಕೆ ಕೆತ್ತಿಸ್ತಾ ಇದೀಯ?”

ಯೇಯ್ಸನ್‌ಗೆ ನಗು ಬಂತು, ನಾಚಿಕೆಯೂ ಆಯಿತು. ಮೊಬೈಲನ್ನು ಚೀಲಕ್ಕೆ ಹಾಕಿದ. ಮೂರು ದಿನ ಜಗಲಿ ಬಿಟ್ಟು ಕದಲಲಿಲ್ಲ. ನಿಕೊಲಾಸಾ ಅಪ್ಪನ ಮರಿಂಬಾದ ಒಂದೊಂದೇ ಪಟ್ಟಿ ತಟ್ಟಬೇಕು, ಇವನು ಒಂದೊಂದೇ ಸ್ವರ ಏರಿಸಿ ಇಳಿಸಿ ಅದಕ್ಕೆ ಕೂಡಿಸಬೇಕು. “ಮೇಲೆ ಹೋಯ್ತು.” “ಈಗ ಮುಳುಗಿತು.” “ಹೂಂ, ಈಗ ಮನೆಗೆ ಬಂತು.” ಮಧ್ಯೆ ತೆಂಗಿನ ಹಾಲಿನ ಮೀನು, ಬಾಳೆಕಾಯಿ ತಿಂದದ್ದೂ ಅಲ್ಲೇ. ಮೂರನೆಯ ದಿನ ಪ್ಲಾಸಿಡಾ ಕಣ್ಣು ಮುಚ್ಚಿ ಹಾಡಲು ತೊಡಗಿ, ಎಲ್ಲೂ ತಡೆಯದೆ, ಕೊನೆಯ ಸಾಲು ಮುಗಿಸಿಯೇ ಕಣ್ಣು ಬಿಟ್ಟರು. ಸುತ್ತ ಕೂತವರನ್ನು ನೋಡಿ ಕೇಳಿದರು: “ಏನು, ಎಲ್ಲಾ ಸತ್ತಿದೀರಾ? ಇನ್ನೊಂದ್ಸಲ ಬಾರಿಸಿ!”

ಕಾಲಿಯ ಮೈದಾನದಲ್ಲಿ ಆ ಹಾಡಿಗೆ ಸಾವಿರಾರು ಜನ ಕುಣಿದರು. ಬಂದೂಕುಗಳಿಗೆ ಹೆದರಿ ಕರಾವಳಿಯಿಂದ ಓಡಿಬಂದು ನಗರ ಸೇರಿದ್ದ ಮುದುಕರು ಸ್ಪೀಕರಿನ ಹತ್ತಿರ ಹೋಗಿ ನಿಂತುಬಿಟ್ಟರಂತೆ. ಆಮೇಲೆ ಬೇರೆ ತಂಡಗಳೂ ಆ ಶ್ರುತಿ ಕೇಳಿಕೊಂಡು ಬಂದವು. ಈಗ ಐದು ತಂಡಗಳ ಕೀಬೋರ್ಡುಗಳು ನಿಕೊಲಾಸಾ ಅವರ ಅಪ್ಪನ ಮರಿಂಬಾಕ್ಕೆ ಶ್ರುತಿಗೂಡಿವೆ.

ಯೇಯ್ಸನ್ ತನ್ನ ಕೀಬೋರ್ಡಿನಲ್ಲಿ ಆ ಶ್ರುತಿಗೆ “ನಿಕೊಲಾಸಾ” ಎಂದು ಹೆಸರಿಟ್ಟಿದ್ದ. ಅದನ್ನು ಕೇಳಿ ಅವರು ಫೋನಿನಲ್ಲೇ ರೇಗಿದರು. “ನಾನೇನು ಮಾಡಿದೆ ಅಂತ? ಅಪ್ಪಂದು, ಅವರಪ್ಪಂದು, ಈ ನದೀದು. ‘ಗುವಾಪಿ’ ಅಂತ ಬರಿ.” ಅವನು ಹಾಗೆಯೇ ಬದಲಿಸಿದ.

ಬಿಸಿಲು ಜಗಲಿಗೆ ಏರಿದೆ. ನಲವತ್ತೆಂಟನೆಯ ಮರಿಂಬಾದ ಹನ್ನೊಂದು ಪಟ್ಟಿಗಳು ಗೋಡೆಗೆ ಒರಗಿವೆ. ಇದನ್ನು ಕಟ್ಟುತ್ತಿರುವುದು ಊರಿನ ಶಾಲೆಗೆ, ಅಲ್ಲಿ ಹುಡುಗಿಯರೂ ಬಾರಿಸುವ ಷರತ್ತಿನ ಮೇಲೆ. ಬೇರೇನಾದರೂ ಆಸೆ ಇದೆಯೇ ಎಂದರೆ ನಿಕೊಲಾಸಾ ಉಳಿಯನ್ನು ಸೆರಗಿನಂತೆ ಹೊದ್ದ ಬಟ್ಟೆಗೆ ಒರೆಸಿ ಪಕ್ಕಕ್ಕಿಡುತ್ತಾರೆ.

“ಒಂದ್ಸಲ ಕಾಲಿ ನಗರಕ್ಕೆ ಹೋಗಿ ಅವರು ಬಾರಿಸೋದನ್ನ ಕೇಳ್ಬೇಕು. ಜನದ ಮಧ್ಯೆ, ಹಿಂದೆ ಎಲ್ಲೋ ನಿಂತ್ಕೊಂಡು. ವೇದಿಕೆಗೆ ಮಾತ್ರ ಕರೀಬಾರ್ದು ನೋಡಿ. ಅಲ್ಲಿ ಹೋಗಿ ನಿಂತ್ರೆ ಗಂಭೀರವಾಗಿ ಇರ್ಬೇಕು, ಕುಣಿಯೋಕೆ ಆಗಲ್ಲ.”